ಅಪ್ಪ ಅಮ್ಮನ ಜೊತೆ ಐರ್ಲೆಂಡ್ ಪ್ರವಾಸ: ಬ್ಲಾರ್ನಿ ಕೋಟೆ ಒಳ್ಳೆಯದಾ, ಬನ್‌ರಾಟಿ ಒಳ್ಳೆಯದಾ?

ಬ್ಲಾರ್ನಿ, ಬನ್‌ರಾಟಿ ಕೋಟೆಗಳಲ್ಲಿ ಯಾವುದಕ್ಕೆ ಹೋಗೋದು ಅಂತ ಕೇಳಿ, ಅಡೇರ್ ಹಳ್ಳಿಯನ್ನೂ ಪಟ್ಟಿಗೆ ಸೇರಿಸಿ, ಅಮ್ಮನಿಗೆ ಮಂಡಿ ನೋವಿದೆ ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದದ್ದು ಅದೇ. ಯಾವ ಕೋಟೆ ಅನ್ನೋದು ಆಮೇಲೆ.

ನಾನು ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾಗ ನಮ್ಮ ಅಪ್ಪ ಅಮ್ಮನೂ ಬಂದಿದ್ದರು. ಮೊದಲು ದಕ್ಷಿಣದ ಕಾರ್ಕ್ ನಗರದ ಪಕ್ಕದ ಬ್ಲಾರ್ನಿಗೆ ಹೋದೆವು. 1446ರ ಕೋಟೆ. ತುತ್ತತುದಿಯ ಗೋಡೆಯಲ್ಲಿ ಒಂದು ಕಲ್ಲಿದೆ. ಅಂಗಾತ ಮಲಗಿ, ತಲೆ ಕೆಳಗೆ ಬಿಟ್ಟು ಅದಕ್ಕೆ ಮುತ್ತು ಕೊಟ್ಟರೆ ಮಾತುಗಾರಿಕೆ ಬರುತ್ತದೆ ಅಂತ ನಂಬಿಕೆ. ಅಪ್ಪನಿಗೆ ಅದು ಬೇಕೇ ಬೇಕು. ಅಮ್ಮ "ನಿಧಾನಕ್ಕೆ ಹತ್ತುತ್ತೀನಿ ಬಿಡೋ" ಅಂದರು. ನಾನು ಹೂಂ ಅಂದೆ. ಕೆಟ್ಟಿದ್ದು ಅಲ್ಲೇ.

ಮೆಟ್ಟಿಲು ನೂರಕ್ಕೂ ಜಾಸ್ತಿ. ಆದರೆ ಲೆಕ್ಕ ನೋಡಿ ಮೋಸ ಹೋಗಬೇಡಿ, ಕಷ್ಟ ಇರೋದು ಲೆಕ್ಕದಲ್ಲಲ್ಲ. ಅದು ಸುರುಳಿ ಮೆಟ್ಟಿಲು. ಒಬ್ಬರು ಹೋಗುವಷ್ಟೇ ಅಗಲ. ಪ್ರತಿ ಮೆಟ್ಟಿಲೂ ಒಳಗಡೆ ಚೂಪಾಗುತ್ತದೆ, ಅರ್ಧ ಪಾದ ಊರಿದರೆ ಹೆಚ್ಚು. ಜನ ಸಾಲಾಗಿ ಮೇಲಕ್ಕೆ ಮಾತ್ರ ಹೋಗುತ್ತಾರೆ, ಇಳಿಯುವುದು ಬೇರೆ ಮೆಟ್ಟಿಲಲ್ಲಿ. ಅಂದರೆ ಅರ್ಧಕ್ಕೆ ಬಂದು ಆಗಲ್ಲ ಅನ್ನಿಸಿದರೂ ತಿರುಗುವ ಹಾಗಿಲ್ಲ, ಹಿಂದೆ ಅಷ್ಟು ಜನ ನಿಂತಿರುತ್ತಾರೆ. ಮೇಲೆ ಒಬ್ಬೊಬ್ಬರೇ ಮುತ್ತು ಕೊಡುವ ತನಕ ಸಾಲು ಕದಲಲ್ಲ. ಅಮ್ಮ ಒಂದು ಮಂಡಿ ಮಡಿಸಿಕೊಂಡೇ ನಿಂತಿರಬೇಕಾಯಿತು, ಮತ್ತೆ ಒಂದು ಮೆಟ್ಟಿಲು, ಮತ್ತೆ ನಿಲ್ಲು. ಹತ್ತಿದ್ದಕ್ಕಿಂತ ನಿಂತದ್ದೇ ಮಂಡಿಯನ್ನು ಕೆಡಿಸಿತು. ಇಳಿಯುವಾಗ ಅಳುವುದೊಂದು ಬಾಕಿ. ಮುಂದಿನ ಊರುಗಳಿಗೆ ಕಟ್ಟಿದ್ದ ರೂಮಿನ ದುಡ್ಡು ಹೋಯಿತು, ಉಳಿದ ದಿನ ಕಾರ್ಕ್‌ನಲ್ಲೇ ಐಸ್ ಇಟ್ಟುಕೊಂಡು ಕೂತೆವು.

ಆಮೇಲೆ ಓದಿದಾಗ ಗೊತ್ತಾಯಿತು, ಅಲ್ಲಿಯ ಕೋಟೆಗಳು ಬಹುಪಾಲು ಹೀಗೇ. 15, 16ನೇ ಶತಮಾನದ ಗೋಪುರದಂಥ ಮನೆಗಳು, ಕೋಣೆಯ ಮೇಲೆ ಕೋಣೆ. ಡಬ್ಲಿನ್ ಸುತ್ತ ಇಂಗ್ಲಿಷರ ಹಿಡಿತವಿದ್ದ ಕಡೆ ಇಂಥದ್ದು ಕಟ್ಟಿದವರಿಗೆ 1429ರಲ್ಲಿ 10 ಪೌಂಡ್ ಸಹಾಯಧನ ಗೊತ್ತು ಮಾಡಿದ್ದರು. ಬೇಕಾಗಿದ್ದ ಅಳತೆ 20 ಅಡಿ ಉದ್ದ, 16 ಅಡಿ ಅಗಲ, 40 ಅಡಿ ಎತ್ತರ. ನಮ್ಮ ಇಪ್ಪತ್ತು-ಮೂವತ್ತರ ಸೈಟಿಗಿಂತ ಚಿಕ್ಕದು! ಅಷ್ಟರಲ್ಲಿ ಅಗಲವಾದ ಮೆಟ್ಟಿಲು ಎಲ್ಲಿಂದ ಬರಬೇಕು?

ಬನ್‌ರಾಟಿಯ ಕೋಟೆಯೊಳಗೂ ಇದೇ ಕಥೆ. ಆದರೆ ಅದೇ ಆವರಣದಲ್ಲಿ ಹಳೆಯ ಹಳ್ಳಿಮನೆಗಳ ಬಯಲು ಸಂಗ್ರಹಾಲಯ ಇದೆ, ಅಮ್ಮಂದಿರಿಗೆ ಅದೇ ಇಷ್ಟವಾಗುವುದು. ಶ್ಯಾನನ್ ವಿಮಾನ ನಿಲ್ದಾಣದ ರನ್‌ವೇಗೆ ಅಡ್ಡ ಬಂದ ಒಂದು ರೈತನ ಮನೆಯನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ನೀವು ಕೇಳಿದ ಎರಡರಲ್ಲಿ ಒಂದು ಆರಿಸಲೇಬೇಕು ಅಂದರೆ ಬನ್‌ರಾಟಿ, ಅದೂ ಕೋಟೆ ಬಿಟ್ಟು.

"ಪುರಾತನ ಹಳ್ಳಿ" ಅಂತ ಅಡೇರ್ ಸೇರಿಸಿದ್ದೀರಿ. ಹುಲ್ಲು ಹೊದಿಸಿದ ಆ ಮುದ್ದು ಮನೆಗಳು ಅಷ್ಟೇನೂ ಹಳೆಯವಲ್ಲ. 19ನೇ ಶತಮಾನದಲ್ಲಿ ಅಲ್ಲಿಯ ಜಮೀನ್ದಾರ ತನ್ನ ಒಕ್ಕಲುಗಳಿಗೆ ಕಟ್ಟಿಸಿದ್ದು. ಫೋಟೋಗೆ ಚೆನ್ನ, ಒಂದು ಗಂಟೆ ಸಾಕು. ಬಡವರ ಹಳ್ಳಿ ಹೇಗಿತ್ತು ಅಂತ ನೋಡಬೇಕಾದರೆ ಪಶ್ಚಿಮದ ಅಕಿಲ್ ದ್ವೀಪದ ಸ್ಲೀವ್‌ಮೋರ್‌ಗೆ ಹೋಗಬೇಕು. ಬೆಟ್ಟದ ಬುಡದಲ್ಲಿ ಸಾಲು ಸಾಲು ಕಲ್ಲಿನ ಮನೆಗಳು, ಒಂದಕ್ಕೂ ಚಾವಣಿ ಇಲ್ಲ, ಯಾರೂ ಇಲ್ಲ. ಆದರೆ ದೂರ, ಈ ಸಲ ಬೇಡ.

ಪಟ್ಟಿ ಹರಿದು ಹಾಕಿ ಕ್ಯಾಹರ್ ಮತ್ತು ಕ್ಯಾಶೆಲ್ ಇಟ್ಟುಕೊಳ್ಳಿ. ಎರಡೂ ಡಬ್ಲಿನ್-ಕಾರ್ಕ್ ದಾರಿಯಲ್ಲೇ, ಹತ್ತಿರ ಹತ್ತಿರ. ಕ್ಯಾಹರ್ ಕೋಟೆ ಶೂರ್ ನದಿಯ ನಡುಗಡ್ಡೆಯಲ್ಲಿದೆ. ಗೋಪುರ ಹತ್ತದಿದ್ದರೂ ಅಂಗಳದಲ್ಲೇ ಬೇಕಾದಷ್ಟಿದೆ. 1599ರ ಮುತ್ತಿಗೆಯ ಫಿರಂಗಿ ಗುಂಡು ಇವತ್ತಿಗೂ ಗೋಡೆಯಲ್ಲಿ ಸಿಕ್ಕಿಕೊಂಡಿದೆ, ಹುಡುಕಿ. ಕ್ಯಾಶೆಲ್‌ನಲ್ಲಿ ದೊಡ್ಡ ಬಂಡೆಯ ಮೇಲೆ ಹಳೆಯ ಚರ್ಚಿನ ಪಾಳು ಕಟ್ಟಡಗಳಿವೆ. ಅಲ್ಲಿಯವರೆಗೆ ಸ್ವಲ್ಪ ಏರು ದಾರಿ, ಅಮ್ಮನಿಂದ ಆಗದಿದ್ದರೆ ಕೆಳಗಿನ ಹೋರ್ ಮಠದ ಪಾಳಿನ ಹತ್ತಿರ ನಿಂತು ನೋಡಲಿ. ಇಡೀ ಬಂಡೆ ಕಾಣುವುದು ಅಲ್ಲಿಂದಲೇ.

ಅಪ್ಪ ಬ್ಲಾರ್ನಿಗೆ ಹಟ ಹಿಡಿದರೆ ಅವರೊಬ್ಬರನ್ನೇ ಹತ್ತಿಸಿ. ನೀವು ಅಮ್ಮನ ಜೊತೆ ಕೆಳಗಿನ ತೋಟದಲ್ಲಿರಿ. ವಿಷದ ಗಿಡಗಳಿಗೇ ಒಂದು ಮಡಿ ಮಾಡಿದ್ದಾರೆ, ಅದರಲ್ಲಿ ನಮ್ಮ ಹರಳು ಗಿಡವೂ ಇದೆ. ಅದನ್ನು ಬಿಟ್ಟು ಇನ್ಯಾವುದನ್ನೂ ಮುಟ್ಟಲು ಬಿಡಬೇಡಿ ಅಂತ ಹೇಳುತ್ತಿದ್ದೆ, ಆದರೆ ಅದರ ಬೀಜವೂ ವಿಷವೇ ಅಲ್ವಾ.