ಕೇಳದೆ ಬಂದ ತಂತ್ರಾಂಶವನ್ನು ಮನೆಯ ಕಂಪ್ಯೂಟರಿನಿಂದ ಬುಡಸಮೇತ ತೆಗೆಯುವುದು ಹೇಗೆ?

ನಿಮ್ಮ ತೊಂದರೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ವಿಂಡೋಸ್ 11 ಇರುವ ಲ್ಯಾಪ್‌ಟಾಪಿಗೆ ಯಾವುದೋ ಡೌನ್‌ಲೋಡ್ ತಾಣದಿಂದ ನುಡಿ ತಂತ್ರಾಂಶವನ್ನು ಇಳಿಸಿಕೊಂಡಿರಿ. ಅಂದಿನಿಂದ ಕ್ರೋಮ್ ತೆರೆದರೆ ಅಪರಿಚಿತ ಹುಡುಕುಪುಟವೊಂದು ಬರುತ್ತಿದೆ. ನೂರಾರು ದೋಷಗಳಿವೆ ಎಂದು ಹೇಳುವ ಒಂದು ‘ಕ್ಲೀನರ್’ ತಾನಾಗಿಯೇ ತೆರೆದುಕೊಂಡು ಹಣ ಕೇಳುತ್ತಿದೆ. ಆಂಟಿವೈರಸ್ ಮಾತ್ರ ಎಲ್ಲವೂ ಸರಿಯಿದೆ ಎನ್ನುತ್ತಿದೆ. ಹಣ ಕಟ್ಟಬೇಕೇ ಅಥವಾ ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸಬೇಕೇ ಎಂಬುದು ನಿಮ್ಮ ಪ್ರಶ್ನೆ.

ಹಣವನ್ನಂತೂ ಕಟ್ಟಲೇಬೇಡಿ. ಅಂಥ ಕ್ಲೀನರ್‌ಗಳು ದೋಷವೆಂದು ಎಣಿಸಿ ತೋರಿಸುವುದು ಬಹುಮಟ್ಟಿಗೆ ಬ್ರೌಸರಿನ ಕುಕೀಗಳನ್ನು, ತಾತ್ಕಾಲಿಕ ಕಡತಗಳನ್ನು ಮತ್ತು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಉಳಿದ ಹಳೆಯ ನಮೂದುಗಳನ್ನು. ಇವು ಯಾವ ಕಂಪ್ಯೂಟರಿನಲ್ಲಾದರೂ ಇದ್ದೇ ಇರುತ್ತವೆ. ಈಗಾಗಲೇ ಕಾರ್ಡಿನ ವಿವರ ಕೊಟ್ಟಿದ್ದರೆ ಮುಂದೆ ಓದುವ ಮೊದಲು ಬ್ಯಾಂಕಿಗೆ ತಿಳಿಸಿ, ಹಣ ಕಡಿತವಾಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಿಂಡೋಸ್ ಮರುಸ್ಥಾಪನೆಯ ಮಾತನ್ನು ಕೊನೆಗೆ ನೋಡೋಣ; ಹೆಚ್ಚಿನ ಸಂದರ್ಭಗಳಲ್ಲಿ ಅದರ ಅಗತ್ಯ ಬೀಳುವುದಿಲ್ಲ.

ಆಂಟಿವೈರಸ್ ಸುಮ್ಮನಿರುವುದಕ್ಕೆ ಕಾರಣವಿದೆ. ಈ ಕಾರ್ಯಕ್ರಮಗಳು ವೈರಸ್ಸಿನಂತೆ ಕದ್ದು ಒಳನುಗ್ಗಿದವಲ್ಲ, ನಿಮ್ಮ ಒಪ್ಪಿಗೆಯ ಹೆಸರಿನಲ್ಲಿ ಬಂದವು. ಇನ್‌ಸ್ಟಾಲರ್ ಓಡಿಸಿದಾಗ ‘ಎಕ್ಸ್‌ಪ್ರೆಸ್, ಶಿಫಾರಸು ಮಾಡಲಾಗಿದೆ’ ಎಂಬ ಆಯ್ಕೆ ಮೊದಲೇ ಗುರುತಾಗಿರುತ್ತದೆ. ‘ಕಸ್ಟಮ್’ ಎಂಬುದು ಬೂದು ಅಕ್ಷರದಲ್ಲಿ, ಒತ್ತಲು ಬಾರದ ಗುಂಡಿಯಂತೆ ಕಾಣುತ್ತದೆ, ಆದರೆ ಒತ್ತಿದರೆ ತೆರೆಯುತ್ತದೆ. ಮೊದಲೇ ಟಿಕ್ ಮಾಡಿಟ್ಟ ಚೌಕಗಳೆಲ್ಲ ಇರುವುದು ಅದರೊಳಗೆ. ‘ನೆಕ್ಸ್ಟ್’ ಒತ್ತಿದವರೆಲ್ಲರೂ ಒಪ್ಪಿದಂತೆ ಎಂಬುದು ಇವನ್ನು ಹಂಚುವವರ ವಾದ. ಇದನ್ನು ಬಳಕೆದಾರರ ಅಜಾಗರೂಕತೆ ಎಂದು ತಳ್ಳಿಹಾಕುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ, ಏಕೆಂದರೆ ಆ ಪರದೆಯನ್ನು ರೂಪಿಸಿರುವುದೇ ಯಾರೂ ಓದದಿರಲಿ ಎಂದು. ನುಡಿಯದೂ ಇದರಲ್ಲಿ ತಪ್ಪಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತ ತಂತ್ರಾಂಶ. ಅದನ್ನು ತಮ್ಮದೊಂದು ಇನ್‌ಸ್ಟಾಲರಿನಲ್ಲಿ ಸುತ್ತಿ ಕೊಡುವವರು ಬೇರೆಯವರು. ನಿಮಗೆ ಕನ್ನಡ ಟೈಪ್ ಮಾಡುವುದಷ್ಟೇ ಬೇಕಿದ್ದರೆ ವಿಂಡೋಸಿನಲ್ಲಿಯೇ ಕನ್ನಡ ಕೀಲಿಮಣೆಯಿದೆ, 2019ರಿಂದ ಫೊನೆಟಿಕ್ ವಿನ್ಯಾಸವೂ ಅದರ ಜೊತೆ ಬರುತ್ತದೆ. ಭಾಷಾ ಸೆಟ್ಟಿಂಗ್‌ಗಳಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಸಾಕು.

ಇನ್ನು ಗುರುತಿಸುವ ಕೆಲಸ. ಇಲ್ಲಿ ನಾನು ನೆಚ್ಚಿಕೊಂಡಿರುವುದು ಹೆಸರನ್ನಲ್ಲ, ದಿನಾಂಕವನ್ನು. ಹೆಸರುಗಳು ‘ಅಸಿಸ್ಟೆಂಟ್’, ‘ಅಪ್‌ಡೇಟರ್’, ‘ವೆಬ್ ಕಂಪ್ಯಾನಿಯನ್’ ಎಂದು ಸಭ್ಯವಾಗಿಯೇ ಇರುತ್ತವೆ. ಆದರೆ ಒಂದೇ ಇನ್‌ಸ್ಟಾಲರಿನ ಜೊತೆ ಬಂದವೆಲ್ಲವೂ ಒಂದೇ ದಿನ, ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಬಂದಿರುತ್ತವೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆ ಇನ್‌ಸ್ಟಾಲರ್ ಇನ್ನೂ ಇದ್ದರೆ ಅದರ ದಿನಾಂಕ ಮತ್ತು ಸಮಯವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಳಿಕ ಕಂಟ್ರೋಲ್ ಪ್ಯಾನೆಲ್‌ನ ‘ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್’ ಪಟ್ಟಿಯನ್ನು ತೆರೆದು ‘ಇನ್‌ಸ್ಟಾಲ್ಡ್ ಆನ್’ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಅಂದು ಬಂದವೆಲ್ಲ ಒಟ್ಟಿಗೆ ಸಾಲುಗಟ್ಟುತ್ತವೆ. ಎರಡು ಎಚ್ಚರಿಕೆಗಳು: ಎಡ್ಜ್, ಕ್ರೋಮ್‌ನಂಥವುಗಳ ದಿನಾಂಕ ಪ್ರತಿ ಅಪ್‌ಡೇಟ್ ಆದಾಗಲೂ ಬದಲಾಗಬಹುದಾದ್ದರಿಂದ ಅವನ್ನು ಶಂಕಿಸಬೇಡಿ, ‘ಮೈಕ್ರೋಸಾಫ್ಟ್ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್’ ಎಂಬ ನಮೂದುಗಳು ಹಲವಾರು ಕಂಡರೂ ಮುಟ್ಟಬೇಡಿ, ಬೇರೆ ತಂತ್ರಾಂಶಗಳು ಅವುಗಳ ಮೇಲೆ ನಿಂತಿರುತ್ತವೆ.

ಗುರುತಾದವುಗಳನ್ನು ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ, ಆದರೆ ಪ್ರತಿ ಪರದೆಯನ್ನೂ ಪೂರ್ತಿ ಓದಿ. ‘ರಕ್ಷಣೆಯನ್ನು ಉಳಿಸಿಕೊಳ್ಳಿ’ ಎಂಬ ದೊಡ್ಡ ಹಸಿರು ಗುಂಡಿ ಎದುರಿಗಿದ್ದು, ‘ತೆಗೆಯುವುದನ್ನು ಮುಂದುವರಿಸಿ’ ಎಂಬುದು ಅದರ ಕೆಳಗೆ ಗುಂಡಿಯೇ ಅಲ್ಲದ ಸಣ್ಣ ಅಕ್ಷರದಲ್ಲಿರುವುದುಂಟು. ಹೊರಡುವ ಮುನ್ನ ಇನ್ನೊಂದು ಉಚಿತ ತಂತ್ರಾಂಶವನ್ನು ಕೊಡಲು ಬರುವುದೂ ಉಂಟು.

ಕಾರ್ಯಕ್ರಮ ಹೋದರೂ ಅದು ಮಾಡಿಟ್ಟ ಬದಲಾವಣೆಗಳು ಉಳಿಯಬಹುದು. 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳ ಸೂಪರ್‌ಫಿಶ್ ಪ್ರಕರಣ ಇದನ್ನು ಜಗತ್ತಿಗೇ ತೋರಿಸಿತು. ಕಾರ್ಖಾನೆಯಿಂದಲೇ ಬಂದಿದ್ದ ಆ ಜಾಹೀರಾತು ತಂತ್ರಾಂಶ, ಸುರಕ್ಷಿತ ಪುಟಗಳೊಳಗೂ ಜಾಹೀರಾತು ತೂರಿಸಲು ವಿಂಡೋಸಿನಲ್ಲಿ ತನ್ನದೇ ರೂಟ್ ಸರ್ಟಿಫಿಕೇಟನ್ನು, ಅಂದರೆ ಯಾವ ತಾಣ ಅಸಲಿ ಎಂದು ಕಂಪ್ಯೂಟರ್ ನಂಬಲು ಆಧಾರವಾಗುವ ಪ್ರಮಾಣಪತ್ರವನ್ನು, ನೆಟ್ಟಿತ್ತು. ಅದರ ಗುಟ್ಟಿನ ಕೀಲಿ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿದ್ದುದರಿಂದ, ಅದನ್ನು ಹೊರತೆಗೆದ ಯಾರಾದರೂ ನಕಲಿ ಬ್ಯಾಂಕ್ ಪುಟವನ್ನು ಅಸಲಿಯಂತೆ ತೋರಿಸಬಹುದಿತ್ತು. ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದವರ ಯಂತ್ರದಲ್ಲೂ ಆ ಸರ್ಟಿಫಿಕೇಟ್ ಹಾಗೆಯೇ ಉಳಿದಿತ್ತು, ಅದನ್ನು ಬೇರೆಯಾಗಿಯೇ ತೆಗೆಯಬೇಕಾಯಿತು.

ನಿಮ್ಮ ವಿಷಯದಲ್ಲಿ ಉಳಿಕೆ ಇರುವ ಸಾಧ್ಯತೆ ಹೆಚ್ಚಾಗಿ ಬ್ರೌಸರಿನಲ್ಲಿ. ಕ್ರೋಮ್‌ನ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಪುಟದಲ್ಲಿ ನೀವು ಹಾಕದಿರುವುದನ್ನೆಲ್ಲ ತೆಗೆಯಿರಿ, ಹುಡುಕುಯಂತ್ರವನ್ನೂ ಆರಂಭಪುಟವನ್ನೂ ಸರಿಪಡಿಸಿ. ಪರದೆಯ ಬಲಮೂಲೆಯಲ್ಲಿ ಮೂಡುವ ‘ವೈರಸ್ ಪತ್ತೆಯಾಗಿದೆ’ ಎಂಬ ಚೌಕ ಅನೇಕ ಬಾರಿ ತಂತ್ರಾಂಶವೇ ಅಲ್ಲ, ಯಾವುದೋ ತಾಣಕ್ಕೆ ನೀಡಿದ ನೋಟಿಫಿಕೇಶನ್ ಅನುಮತಿ. ಅದನ್ನು ರದ್ದು ಮಾಡಿದರೆ ನಿಲ್ಲುತ್ತದೆ. ಎಕ್ಸ್‌ಟೆನ್ಶನ್ ತೆಗೆಯುವ ಗುಂಡಿಯೇ ಇಲ್ಲದಿದ್ದರೆ ಕ್ರೋಮ್ ಮೆನುವಿನ ತಳದಲ್ಲಿ ‘ನಿಮ್ಮ ಸಂಸ್ಥೆಯಿಂದ ನಿರ್ವಹಿಸಲಾಗುತ್ತಿದೆ’ ಎಂಬ ಅರ್ಥದ ಸಾಲು ಇದೆಯೇ ನೋಡಿ. ಕಚೇರಿಯ ಯಂತ್ರದಲ್ಲಿ ಅದು ಸಹಜ. ಕೆಲವು ಆಂಟಿವೈರಸ್‌ಗಳಿಂದಲೂ ಅದು ಬರುವುದುಂಟು. ಆದರೆ ಮನೆಯ ಲ್ಯಾಪ್‌ಟಾಪಿನಲ್ಲಿ ಬೇರೆ ಯಾವ ಸಂಸ್ಥೆಯೂ ಇರಬಾರದು. ಕಂಪನಿಗಳು ತಮ್ಮ ನೌಕರರ ಯಂತ್ರಗಳಿಗೆ ಎಕ್ಸ್‌ಟೆನ್ಶನ್ ಕಡ್ಡಾಯಗೊಳಿಸಲೆಂದು ಇರುವ ವ್ಯವಸ್ಥೆಯನ್ನೇ ಇಂಥ ತಂತ್ರಾಂಶ ಹಂಚುವವರು ದುರುಪಯೋಗಪಡಿಸಿಕೊಳ್ಳುತ್ತಾರೆ. ರಿಜಿಸ್ಟ್ರಿ ಎಡಿಟರಿನಲ್ಲಿ ‘ಎಚ್‌ಕೀ ಲೋಕಲ್ ಮೆಷಿನ್’ನಿಂದ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ಹಾದಿಯಲ್ಲಿ ಒಳಗೆ ಹೋದರೆ ‘ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ ಎಂಬ ಕೀಲಿಯೊಳಗೆ 32 ಅಕ್ಷರಗಳ ಒಂದು ಗುರುತು ಕಾಣುತ್ತದೆ. ಅದು ಆ ಎಕ್ಸ್‌ಟೆನ್ಶನ್‌ನ ವಿವರಪುಟದ ವಿಳಾಸದಲ್ಲಿರುವ ಗುರುತಿಗೆ ಅಕ್ಷರಶಃ ಹೊಂದಿದರೆ ಆ ನಮೂದನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಆಮೇಲೆ ಅಳಿಸಿ. ಹೊಂದದಿದ್ದರೆ ಅಲ್ಲಿ ಏನನ್ನೂ ಅಳಿಸಬೇಡಿ.

ಇಷ್ಟಾದ ಮೇಲೂ ಎರಡು ದಿನ ಬಿಟ್ಟು ಅದೇ ಪುಟ ಮರಳಿ ಬಂದರೆ, ನಿಗದಿತ ಸಮಯಕ್ಕೆ ಕೆಲಸಗಳನ್ನು ತಾನಾಗಿ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಚೀಟಿಯ ದಿನಾಂಕದಂದು ಹುಟ್ಟಿದ ಕೆಲಸ ಯಾವುದಾದರೂ ಇದೆಯೇ ಎಂದು ಹುಡುಕಿ. ಡೆಸ್ಕ್‌ಟಾಪಿನ ಕ್ರೋಮ್ ಚಿಹ್ನೆಯ ಪ್ರಾಪರ್ಟೀಸ್ ತೆರೆದು ‘ಟಾರ್ಗೆಟ್’ ಸಾಲಿನ ಕೊನೆಗೆ ಜಾಲತಾಣದ ವಿಳಾಸ ಅಂಟಿಕೊಂಡಿದೆಯೇ ಎಂದೂ ನೋಡಿ.

ಪರೀಕ್ಷೆಗೆ, ಜಾಹೀರಾತು ತಂತ್ರಾಂಶಗಳನ್ನು ಹುಡುಕಿ ತೆಗೆಯುವ ಆಡ್‌ಡಬ್ಲ್ಯುಕ್ಲೀನರ್ ಉಪಯುಕ್ತ. 2016ರಿಂದ ಅದು ಮಾಲ್‌ವೇರ್‌ಬೈಟ್ಸ್ ಸಂಸ್ಥೆಯದು, ಉಚಿತವೂ ಹೌದು. ಅದನ್ನು ಆ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಬೇಕು. ಜೊತೆಗೆ ವಿಂಡೋಸ್ ಸೆಕ್ಯುರಿಟಿಯ ‘ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್’ನಲ್ಲಿ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಒಳಗೆ ಹೋಗಿ ಅನಪೇಕ್ಷಿತ ಆ್ಯಪ್‌ಗಳನ್ನು ತಡೆಯುವ ಎರಡು ಚೌಕಗಳನ್ನೂ ಗುರುತು ಮಾಡಿ. ಡೌನ್‌ಲೋಡ್ ತಡೆಯುವ ಚೌಕ ಕೆಲಸ ಮಾಡುವುದು ಎಡ್ಜ್‌ನಲ್ಲಿ ಮಾತ್ರ. ನೀವು ಕ್ರೋಮ್ ಬಳಸುವುದರಿಂದ ನಿಮ್ಮನ್ನು ಕಾಯುವುದು ಆ್ಯಪ್ ತಡೆಯುವ ಚೌಕ.

ಇದಾವುದಕ್ಕೂ ಬಗ್ಗದಿದ್ದರೆ ಮಾತ್ರ ‘ರೀಸೆಟ್ ದಿಸ್ ಪಿಸಿ’ ಬಳಸಿ. ಮೊದಲು ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಬಳಿಕ ‘ಕೀಪ್ ಮೈ ಫೈಲ್ಸ್’ ಆಯ್ಕೆ ಮಾಡಿ. ಕಡತಗಳು ಉಳಿದು, ನೀವು ಹಾಕಿದ ಕಾರ್ಯಕ್ರಮಗಳೆಲ್ಲ ಹೋಗುತ್ತವೆ. ‘ಕ್ಲೌಡ್ ಡೌನ್‌ಲೋಡ್’ ಆರಿಸಿದರೆ ವಿಂಡೋಸ್ ಮೈಕ್ರೋಸಾಫ್ಟ್‌ನಿಂದ ಹೊಸದಾಗಿ ಇಳಿಯುತ್ತದೆ, ಅದಕ್ಕೆ 4 ಜಿಬಿಗಿಂತ ಹೆಚ್ಚು ಡೇಟಾ ಬೇಕಾಗಬಹುದು. ತಯಾರಕರು ತುಂಬಿಕೊಟ್ಟ ಆ್ಯಪ್‌ಗಳನ್ನು ಮರಳಿ ತರಬೇಕೇ ಎಂಬ ಪ್ರಶ್ನೆ ಕಂಡರೆ ಬೇಡವೆನ್ನಿ.