ಸೇನೆಗೆ ಸೇರುವ ಮೊದಲು ಅಪ್ಪನ ಪ್ರಶ್ನೆಗೆ ಉತ್ತರ ಹುಡುಕು

ಪ್ರಶ್ನೆ: ಸರ್, ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ವಯಸ್ಸು 18, ಪಿಯುಸಿ ಸೈನ್ಸ್ ಮುಗಿದಿದೆ. ಅಪ್ಪ ಮೀನುಗಾರಿಕೆ ಬೋಟಿಗೆ ಹೋಗುತ್ತಾರೆ. ಗೆಳೆಯರೆಲ್ಲ ಅಗ್ನಿವೀರ್ ಆಗಬೇಕೆಂದು ಬೆಳಿಗ್ಗೆ ಓಡುತ್ತಾರೆ, ನಾನೂ ಓಡುತ್ತೇನೆ. ‘ಸೇರಿ ನಿನಗೆ ಏನು ಸಿಗಬೇಕು?’ ಎಂದು ಅಪ್ಪ ಕೇಳಿದರು. ಸುಮ್ನಾಗಿಬಿಟ್ಟೆ. ಭೂಸೇನೆಯೋ ನೌಕಾಪಡೆಯೋ, ಹೇಗೆ ತೀರ್ಮಾನ ಮಾಡಲಿ?

ಉತ್ತರ: ತಮ್ಮಾ, ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಭೂಸೇನೆಯೋ ನೌಕಾಪಡೆಯೋ ಅನ್ನೋದು ಆಮೇಲಿನ ಮಾತು. ನನ್ನ ಹತ್ತಿರ ಬರುವ ಹುಡುಗರು ಓಟದ ಟೈಮಿಂಗ್ ಕೇಳುತ್ತಾರೆ, ಎತ್ತರ ಎಷ್ಟು ಬೇಕು ಅಂತ ಕೇಳುತ್ತಾರೆ. ಹೊರಗೆ ಬರುವ ದಿನ ಕೈಯಲ್ಲಿ ಏನಿರಬೇಕು ಅಂತ ಯೋಚಿಸಿದವರು ಕಡಿಮೆ.

ಅಗ್ನಿವೀರ್ ಅಂದರೆ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಸೇನೆಗೆ ಸೇರುವವನು. ದುಡ್ಡಿನಿಂದ ಶುರು ಮಾಡೋಣ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಕೈಗೆ ಬರೋದು 21,000, ಉಳಿದ 9,000 ಸೇವಾ ನಿಧಿಗೆ, ಅಂದರೆ ಹೊರಗೆ ಬರುವಾಗ ಒಟ್ಟಿಗೆ ಸಿಗುವ ಉಳಿತಾಯಕ್ಕೆ. ನಾಲ್ಕನೇ ವರ್ಷ ಸಂಬಳ 40,000, ಕೈಗೆ 28,000. ಕೊನೆಯಲ್ಲಿ ಬಡ್ಡಿ ಸೇರಿ ಸುಮಾರು 11.71 ಲಕ್ಷ, ಅದಕ್ಕೆ ಆದಾಯ ತೆರಿಗೆ ಇಲ್ಲ. ಊರಲ್ಲಿ ಇದನ್ನು ಸರ್ಕಾರ ಸುಮ್ನೆ ಕೊಡುವ ದುಡ್ಡು ಅಂದುಕೊಂಡಿದ್ದಾರೆ. ಹಾಗಲ್ಲ. ಅರ್ಧ ನಿನ್ನ ಸಂಬಳದಿಂದಲೇ ಹಿಡಿದದ್ದು, ಅಷ್ಟೇ ಮೊತ್ತವನ್ನು ಸರ್ಕಾರ ಹಾಕುತ್ತದೆ. ಸೇವೆಯಲ್ಲಿರುವಾಗ 48 ಲಕ್ಷದ ವಿಮೆ ಇದೆ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ಆ ದುಡ್ಡಿನಲ್ಲಿ ಡಿಗ್ರಿ ಓದಬೇಕು, ಇಲ್ಲವೇ ಅಪ್ಪನಿಗೆ ಸ್ವಂತ ದೋಣಿ ಮಾಡಿಕೊಡಬೇಕು ಅಂತಿದ್ದರೆ ಅದು ಒಳ್ಳೆಯ ಗುರಿಯೇ. ಆದರೆ ಮನೆಯಲ್ಲಿ ಅದನ್ನು ತಂಗಿಯ ಮದುವೆಗೆ ಅಂತ ಎಣಿಸಿಟ್ಟಿರಬಹುದು. ಹೋಗುವ ಮೊದಲೇ ಕೂತು ಮಾತಾಡಿಕೊಳ್ಳಿ.

ಕಾಯಂ ನೌಕರಿ ಬೇಕು ಅಂತಿದ್ದರೆ ಲೆಕ್ಕ ಬೇರೆ. ಅಗ್ನಿವೀರರಲ್ಲಿ ನೂರಕ್ಕೆ 25 ಜನರವರೆಗೆ ಮಾತ್ರ ಕಾಯಂ ಆಗುತ್ತಾರೆ. ಉಳಿದವರು 22ರ ಆಸುಪಾಸಿನಲ್ಲಿ ಊರಿಗೆ ಬರುತ್ತಾರೆ. ಅವರಿಗೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿ ಘೋಷಣೆಯಾಗಿದೆ. ಆ 25ರಲ್ಲಿ ನಾನಿರುತ್ತೇನೆ ಅನ್ನೋ ಧೈರ್ಯ ಇರಲಿ. ಮನೆಯ ಲೆಕ್ಕ ಮಾತ್ರ ಉಳಿದ 75ರಲ್ಲಿ ಒಬ್ಬನಂತೆ ಹಾಕು. ಕೋಸ್ಟ್ ಗಾರ್ಡಿನ ನಾವಿಕ್ ನೇಮಕಾತಿ ಅಗ್ನಿಪಥದಲ್ಲಿ ಬರುವುದಿಲ್ಲ, ಅದು ಕಾಯಂ ಹುದ್ದೆ. ಸೈನ್ಸ್ ಓದಿದ, ಸಮುದ್ರ ಗೊತ್ತಿರುವ ಹುಡುಗ ಅದಕ್ಕೆ ಅರ್ಜಿ ಹಾಕದೇ ಇರೋದು ನನಗೆ ಬೇಸರದ ಸಂಗತಿ.

ಇನ್ನೊಂದು, ಕೆಲಸ ಕಲಿಯೋದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಲಾಭ ಇದೇ. ಕಾರವಾರದ ಟಾಗೋರ್ ಬೀಚಿನಲ್ಲಿ ರಾಮ ರಾಘೋಬ ರಾಣೆ ಅವರ ಪ್ರತಿಮೆ ನೋಡಿದ್ದೀಯಲ್ಲ? ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿ ಕಡೆಗೆ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದರು. ಗಾಯವಾಗಿದ್ದರೂ, ಗುಂಡು ಹಾರುತ್ತಿದ್ದರೂ ನೆಲದಲ್ಲಿ ಹೂತಿಟ್ಟ ಮೈನುಗಳನ್ನು ತೆಗೆಸಿದರು, ಅಡ್ಡ ಬಿದ್ದ ಮರಗಳನ್ನು ಸರಿಸಿದರು. ಅವರು ಇಂಜಿನಿಯರ್ಸ್ ದಳದವರು. ಧೈರ್ಯದ ಜೊತೆಗೆ ಕೈಯಲ್ಲಿ ಕೆಲಸ ಇತ್ತು. ಪಿಯುಸಿಯಲ್ಲಿ ನಿನಗೆ ಗಣಿತ, ಭೌತಶಾಸ್ತ್ರ ಇದ್ದರೆ ನೌಕಾಪಡೆಯ ನಾವಿಕ ಹುದ್ದೆಯಾದ ಎಸ್‌ಎಸ್‌ಆರ್, ಭೂಸೇನೆಯ ಟೆಕ್ನಿಕಲ್ ಎರಡಕ್ಕೂ ಹಾಕಬಹುದು. ಎಂಜಿನ್ನು, ವಿದ್ಯುತ್ತು, ರೇಡಿಯೋ ಇದರಲ್ಲಿ ನಿನಗೆ ಯಾವುದು ಹಿಡಿಸುತ್ತದೆ ಅಂತ ಈಗಲೇ ಯೋಚಿಸು. ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಹುದ್ದೆಗೆ, ಹತ್ತನೇ ತರಗತಿ ಸಾಕು. ಗೆಳೆಯರು ಹಾಕಿದರು ಅಂತ ನೀನೂ ಅದಕ್ಕೇ ಹಾಕಬೇಡ.

ನೌಕಾಪಡೆ ಸೇರಿದರೆ ಕಾರವಾರದ ಕದಂಬ ನೌಕಾನೆಲೆಯಲ್ಲಿ, ಮನೆ ಹತ್ತಿರವೇ ಇರಬಹುದು ಅನ್ನೋ ಆಸೆ ಈ ಕಡೆ ಬಹಳ ಹುಡುಗರಿಗಿದೆ. ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ಆಮೇಲೆ ಎಲ್ಲಿಗೆ ಕಳಿಸಿದರೆ ಅಲ್ಲಿಗೆ. ಊರು ಬಿಡೋಕೆ ಮನಸ್ಸಿಲ್ಲ ಅಂದರೆ ಐಟಿಐ ಮಾಡಿ ಕಾರವಾರದ ನೌಕಾ ಹಡಗು ದುರಸ್ತಿ ಯಾರ್ಡಿನ ಅಪ್ರೆಂಟಿಸ್‌ಗೆ ಪ್ರಯತ್ನಿಸು. ಅದರಲ್ಲಿ ನಾಚಿಕೆ ಏನೂ ಇಲ್ಲ.

ದೇಶಸೇವೆ ಅನ್ನೋ ಮಾತನ್ನು ನೀನು ಬರೆದಿಲ್ಲ. ಅದು ಮನಸ್ಸಿನಲ್ಲಿದ್ದರೆ ಮುಜುಗರ ಬೇಡ, ಅಪ್ಪನಿಗೆ ಅದನ್ನೇ ಮೊದಲು ಹೇಳು. ಇದು ಜೀವ ಹೋಗಬಹುದಾದ ಕೆಲಸ. ಬರೀ ಸಂಬಳಕ್ಕೆ ಬಂದವನಿಗೆ ನಡುರಾತ್ರಿಯ ಕಾವಲು ಬಹಳ ಭಾರ. ಇಷ್ಟರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಒಂದು ಹಾಳೆಯಲ್ಲಿ ಬರೆದು ಅಪ್ಪನಿಗೆ ತೋರಿಸು. ಯಾವ ಅರ್ಜಿ ಹಾಕಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಮಗಳು ಶಿರಸಿಯಲ್ಲಿ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದಾಳೆ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದೆ. ಸೇನೆಗೆ ಹೋಗುತ್ತೇನೆ ಅಂತಾಳೆ. ನಾಲ್ಕೇ ವರ್ಷಕ್ಕೆ ಕಳಿಸಲು ಮನಸ್ಸಿಲ್ಲ.

ಉತ್ತರ: ಅಮ್ಮಾ, ಅವಳಿಗೆ ಅಧಿಕಾರಿಯಾಗುವ ದಾರಿಯೇ ತೆರೆದಿದೆ. ಭೂಸೇನೆಯ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಲಿಖಿತ ಪರೀಕ್ಷೆ ಇಲ್ಲ, ಅರ್ಜಿ ಆಯ್ಕೆಯಾದರೆ ನೇರ ಸೇನಾ ಆಯ್ಕೆ ಮಂಡಳಿಯ, ಅಂದರೆ ಎಸ್‌ಎಸ್‌ಬಿ ಸಂದರ್ಶನ. ಡಿಗ್ರಿಯಲ್ಲಿ 50 ಪರ್ಸೆಂಟ್, ‘ಸಿ’ ಸರ್ಟಿಫಿಕೇಟಿನಲ್ಲಿ ಕನಿಷ್ಠ ಬಿ ಗ್ರೇಡ್ ಬೇಕು. ಸೇವೆ 10 ವರ್ಷ, ಇನ್ನೂ 4 ವರ್ಷ ಮುಂದುವರಿಸಬಹುದು, ಕಾಯಂ ಆಗುವ ಅವಕಾಶವೂ ಇದೆ. ಮೊದಲು ಅವಳ ಗ್ರೇಡ್ ನೋಡಿ. ಬಿ ಅಥವಾ ಎ ಇದ್ದರೆ ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಿಸಿ.