ಅಪ್‌ಡೇಟ್ ನಡುವೆ ಪರದೆ ಕಪ್ಪಾಯ್ತೇ? ಫಾರ್ಮ್ಯಾಟ್‌ಗೆ ಅವಸರ ಬೇಡ

ಪ್ರಶ್ನೆ: ನಾನು ಮುದ್ದೇಬಿಹಾಳ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೌಢಶಾಲೆ ಶಿಕ್ಷಕಿ. ದಸರೆಗೆ ಹೊಸ ಲ್ಯಾಪ್‌ಟಾಪ್ ತಗೊಂಡೆ, ವಿಂಡೋಸ್ 11 ಇದೆ. ಮೂರು ವಾರ ಕಳೆದಿರಲಿಲ್ಲ, ಒಂದು ರಾತ್ರಿ ಅಪ್‌ಡೇಟ್ ಕೇಳಿತು. ಒಪ್ಪಿ ಮಲಗಿದೆ. ಬೆಳಿಗ್ಗೆ ನೋಡಿದರೆ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಆಫ್ ಮಾಡಿ ಆನ್ ಮಾಡಿದರೆ ಕಂಪನಿ ಲೋಗೋ ಬಂದು ಮತ್ತೆ ಕಪ್ಪಾಗುತ್ತದೆ. ಎಂಟು ದಿನದಿಂದ ಇದೇ ಕತೆ. ರಿಪೇರಿ ಅಂಗಡಿಯವರು ‘ಫಾರ್ಮ್ಯಾಟ್ ಹೊಡೀಬೇಕು, 800 ರೂಪಾಯಿ’ ಅಂದರು. ಮಕ್ಕಳ ಅಂಕಪಟ್ಟಿ ಎಲ್ಲ ಅದರೊಳಗೇ ಇದೆ. ಏನು ಮಾಡಲಿ ಸರ್?

ಉತ್ತರ: ಅಕ್ಕೋರೆ, ಆ 800 ರೂಪಾಯಿ ಸದ್ಯಕ್ಕೆ ಪರ್ಸಿನಲ್ಲೇ ಇರಲಿ. ಫಾರ್ಮ್ಯಾಟ್ ಅಂದರೆ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸುವುದು. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಲೋಗೋ ಕಾಣುತ್ತದೆ ಅಂದಿರಿ, ಅಲ್ವಾ? ಹಾಗಾದರೆ ಪರದೆ ಸತ್ತಿಲ್ಲ, ಅದರ ಹಿಂದಿನ ಬೆಳಕೂ ಸರಿ ಇದೆ. ಲೋಗೋ ಆದ ಮೇಲೆ ವಿಂಡೋಸ್ ತನ್ನ ಡಿಸ್‌ಪ್ಲೇ ಡ್ರೈವರನ್ನು, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ತಂತ್ರಾಂಶವನ್ನು, ಎಬ್ಬಿಸುತ್ತದೆ. ಕಪ್ಪಾಗುವುದು ಅಲ್ಲೇ. ಅಪ್‌ಡೇಟ್ ಜೊತೆ ಎಷ್ಟೋ ಸಲ ಹೊಸ ಡ್ರೈವರೂ ಬಂದು ಕೂರುತ್ತದೆ. ನನ್ನ ಗುಮಾನಿ ಅದರ ಮೇಲೆ.

ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ಯಂತ್ರ ಎಚ್ಚರವಾಗಿದೆ ಅಂತ ತಿಳಿಯಿರಿ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ‘ಬಿ’ ಒತ್ತಿ. ಸಣ್ಣಗೆ ಬೀಪ್ ಬಂದು ಪರದೆ ಮಿನುಗಿದರೆ ಡ್ರೈವರ್ ಹೊಸದಾಗಿ ಶುರುವಾಯಿತು ಅಂತ ಅರ್ಥ. ಕೆಲವರಿಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಶಾಲೆಯ ಸ್ಮಾರ್ಟ್ ಕ್ಲಾಸ್ ಟಿವಿಗೆ ಎಚ್‌ಡಿಎಂಐ ಕೇಬಲ್ ಹಚ್ಚಿಯೂ ನೋಡಿ. ಅಲ್ಲಿ ಚಿತ್ರ ಬಂತೋ, ಬೇರೆಲ್ಲ ಬಿಟ್ಟು ಮೊದಲು ಅಂಕಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಬರಲಿಲ್ಲವೇ? ಹಾಗಾದರೆ ವಿಂಡೋಸಿನ ಹಿಂಬಾಗಿಲಿನಿಂದ ಹೋಗೋಣ. ಚಾರ್ಜರ್ ಹಚ್ಚಿರಿ. ಆನ್ ಮಾಡಿ, ಲೋಗೋ ಬಂದ ಕೂಡಲೇ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ ಅದೇ ‘ಆಟೋಮ್ಯಾಟಿಕ್ ರಿಪೇರ್’ ಅನ್ನುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಹೀಗೆ ಒಂದಾದ ಮೇಲೊಂದು ಒತ್ತಿ. ಪಟ್ಟಿ ಬಂದಾಗ 4 ಒತ್ತಿ, ಅದು ಸೇಫ್ ಮೋಡ್, ಅಂದರೆ ಆ ಹೊಸ ಡ್ರೈವರ್ ಬಿಟ್ಟು ಬರೀ ಮೂಲ ಸಾಮಗ್ರಿಯಲ್ಲಿ ವಿಂಡೋಸ್ ಏಳುವ ಬಗೆ. ಅಕ್ಷರ ದೊಡ್ಡದಾಗಿ ಒರಟಾಗಿ ಕಾಣಬಹುದು, ಕಾಣುತ್ತದಲ್ಲ, ಸಾಕು. ಕಂಡರೆ ಕಳ್ಳ ಡ್ರೈವರೇ ಅಂತ ಬಹುತೇಕ ಖಾತ್ರಿ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆಗೆದು, ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಕೊಡಿ, ಹಳೆಯ ಡ್ರೈವರ್ ಮರಳುತ್ತದೆ. ಸೇಫ್ ಮೋಡೂ ಬರದಿದ್ದರೆ ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ಕೊನೆಗೆ ಬಂದ ಕ್ವಾಲಿಟಿ ಅಪ್‌ಡೇಟ್ ತೆಗೆದುಹಾಕಿ. ಇದರಿಂದ ನಿಮ್ಮ ಫೈಲುಗಳಿಗೆ ಏನೂ ಆಗುವುದಿಲ್ಲ.

ಈಗ ನಿಜವಾದ ತಲೆನೋವು. ನಡುವೆ ನೀಲಿ ಪರದೆ ಬಂದು 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಈ ಬಿಟ್‌ಲಾಕರ್ ಬೀಗ ಎಷ್ಟೋ ಸಲ ತಾನಾಗಿಯೇ ಬಿದ್ದಿರುತ್ತದೆ, ನಮಗೆ ಗೊತ್ತೇ ಇರುವುದಿಲ್ಲ. ಕೀ ಇರುವುದು ಲ್ಯಾಪ್‌ಟಾಪ್ ಶುರು ಮಾಡುವಾಗ ಹಾಕಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಮೊಬೈಲಿನಲ್ಲಿ ಆ ಖಾತೆಗೆ ಲಾಗಿನ್ ಆದರೆ ಸಿಗುತ್ತದೆ. ಆದರೆ ಯಾರ ಖಾತೆ? ಕೊಳ್ಳುವಾಗ ಅಂಗಡಿ ಹುಡುಗ ‘ನಾನೇ ಸೆಟ್ ಮಾಡಿಕೊಡ್ತೀನಿ ಮೇಡಂ’ ಅಂತ ತನ್ನದೇ ಮೇಲ್ ಹಾಕಿರುತ್ತಾನೆ. ಇಂಥ ಕೇಸು ನನ್ನ ಟೇಬಲ್ಲಿಗೆ ಎಷ್ಟು ಬಂದಿವೆಯೋ. ಹಾಗಿದ್ದರೆ ಅವನನ್ನು ಹಿಡಿದು ಕೀ ಬರೆಸಿಕೊಳ್ಳಿ. ಕೀ ಇಲ್ಲದೆ ಅಂಕಪಟ್ಟಿ ನನ್ನ ಕೈಗೂ ಸಿಗುವುದಿಲ್ಲ. ಫಾರ್ಮ್ಯಾಟ್ ಮಾಡಿದರಂತೂ ಕೀ ಇದ್ದರೂ ಉಪಯೋಗವಿಲ್ಲ.

ಬೇರೆ ಓದುಗರಿಗೆ ಒಂದು ಮಾತು. ಬಟನ್ ಒತ್ತಿ ಆರಿಸಿ ಅಂತ ಅಕ್ಕೋರಿಗೆ ಹೇಳಿದ್ದು ಎಂಟು ದಿನ ಕಳೆದಿದೆ ಅಂತ. ಅಪ್‌ಡೇಟ್ ನಡೆದಿರುವಾಗಲೇ ಹೀಗೆ ಮಾಡಬೇಡಿ, ಒಂದೆರಡು ತಾಸು ಕಾಯಿರಿ. ಅದರಲ್ಲೂ ಬಯೋಸ್ (ವಿಂಡೋಸಿಗೂ ಮುಂಚೆ ಏಳುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್ ಆಗುವಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ, ಫ್ಯಾನ್ ಜೋರಾಗಿ ಕೂಗುತ್ತದೆ. ಒಮ್ಮೆ ಸಿಂದಗಿಯ ಗಿರಾಕಿಯೊಬ್ಬರ ಲ್ಯಾಪ್‌ಟಾಪ್ ಹೀಗೆ ಕೂತಾಗ ನಾನೇ ಸಿಟ್ಟಿಗೆದ್ದು ಆಫ್ ಮಾಡಿದ್ದೆ. ಮದರ್‌ಬೋರ್ಡ್ ಹೋಯಿತು. ಕೈಯಿಂದ ದುಡ್ಡು ಕಟ್ಟಿಕೊಟ್ಟೆ.

ಸರಿಯಾದ ಮೇಲೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಒಂದೆರಡು ವಾರಕ್ಕೆ ‘ಪಾಸ್’ (Pause, ತಾತ್ಕಾಲಿಕ ತಡೆ) ಹಾಕಿ. ಅಷ್ಟರಲ್ಲಿ ಡ್ರೈವರ್ ತಪ್ಪು ತಿದ್ದಿಕೊಂಡು ಬರಬಹುದು. ಪೂರ್ತಿ ನಿಲ್ಲಿಸಬೇಡಿ, ಭದ್ರತೆಯ ತೇಪೆಗಳೂ ಅದರಲ್ಲೇ ಬರುತ್ತವೆ.

ಏನು ಮಾಡಿದರೂ ಆಗದಿದ್ದರೆ ವಾರಂಟಿ ಇದೆ, ಬಿಲ್ ಹಿಡಿದು ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ಡಿಸ್ಕ್ ಅಳಿಸುವ ಮುಂಚೆ ನಿಮ್ಮನ್ನು ಕೇಳಬೇಕು ಅಂತ ಜಾಬ್ ಶೀಟಿನಲ್ಲಿ ಬರೆಸಿ. ಸುಮ್ನೆ ಒಮ್ಮೆ ನನಗೆ ತೋರಿಸಬೇಕು ಅನಿಸಿದರೆ ವಿಜಯಪುರಕ್ಕೆ ತನ್ನಿ. ಆದರೆ ತಿಂಗಳ ಎರಡನೇ ಮಂಗಳವಾರದ ಆಸುಪಾಸು ಬೇಡ. ಮೈಕ್ರೋಸಾಫ್ಟ್‌ನವರು ಅಪ್‌ಡೇಟ್ ಬಿಡುವುದು ಅವತ್ತೇ, ನಮಗೆ ಆಗ ರಾತ್ರಿ. ಮರುದಿನದಿಂದ ನನ್ನ ಟೇಬಲ್ ಮೇಲೆ ಚಹಾ ಕಪ್ಪಿಗೂ ಜಾಗ ಇರುವುದಿಲ್ಲ.